ನಲವತ್ತು ದಾಟಿದ ಮೇಲೆ ಓದಲು ವಿದೇಶಕ್ಕೆ: ವಿಮಾನ ಟಿಕೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 41ನೇ ವಯಸ್ಸಿನಲ್ಲಿ ಎರಡು ವರ್ಷದ ಕೋರ್ಸಿಗೆ ಹೊರಟವಳು. ಆ ಎರಡು ವರ್ಷದಲ್ಲಿ ಆರು ಸಲ ಟಿಕೆಟ್ ದಿನಾಂಕ ಬದಲಿಸಿದ್ದೇನೆ. ಎರಡು ಟಿಕೆಟ್ ಪೂರ್ತಿ ಕಳೆದುಕೊಂಡಿದ್ದೇನೆ. ಅಂದಿನಿಂದ ನನ್ನ ಹಾಗೆ ತಡವಾಗಿ ಓದಲು ಹೊರಟವರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಹೊರಡುವ ಮೊದಲು

ನನಗೆ 43 ವರ್ಷ. ಸ್ಟೂಡೆಂಟ್ ಟಿಕೆಟ್ ಅಂತ ಕೇಳೋಕೇ ಮುಜುಗರ. ನಮಗೂ ಸಿಗುತ್ತಾ?

ಸಿಗುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಇಲ್ಲಿ ಎರಡು ಬೇರೆ ಬೇರೆ ದರಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ಯುವಜನರ ದರ. ಇದು ವಯಸ್ಸು ನೋಡಿ ಕೊಡುವುದು. ಸಾಮಾನ್ಯವಾಗಿ ಇಪ್ಪತ್ತೈದು ಅಥವಾ ಮೂವತ್ತರ ಆಸುಪಾಸಿಗೆ ಮುಗಿಯುತ್ತದೆ. ಇನ್ನೊಂದು ವಿದ್ಯಾರ್ಥಿ ದರ. ಇದು ನೀವು ಓದುತ್ತಿದ್ದೀರೋ ಇಲ್ಲವೋ ಎಂದು ನೋಡಿ ಕೊಡುವುದು.

ತೊಂದರೆ ಏನೆಂದರೆ, ಹಲವು ಏರ್‌ಲೈನ್‌ಗಳು ತಮ್ಮ ವಿದ್ಯಾರ್ಥಿ ಯೋಜನೆಗೂ ವಯಸ್ಸಿನ ಗೆರೆ ಎಳೆದಿವೆ. ಹೆಸರು ವಿದ್ಯಾರ್ಥಿಯದು, ಷರತ್ತು ಯುವಕರದು. ಹಾಗಾಗಿ ಷರತ್ತುಗಳ ಪುಟದಲ್ಲಿ ಮೊದಲು ಹುಡುಕಬೇಕಾದದ್ದು ವಯಸ್ಸಿನ ಸಾಲು. ಅದು ಇಲ್ಲದಿದ್ದರೆ ಮುಜುಗರ ಬಿಟ್ಟು ಕೇಳಿ.

ಐಎಸ್ಐಸಿ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಅದರ ಜೊತೆಗಾರ ಐವೈಟಿಸಿ ಎಂಬ ಯುವಜನರ ಚೀಟಿ ಮಾತ್ರ 31 ತುಂಬದವರಿಗೆ. ಅರ್ಜಿ ಹಾಕುವಾಗ ಅದನ್ನು ಆರಿಸಿಬಿಡಬೇಡಿ. ಚೀಟಿ ಇದೆ ಅಂದಮಾತ್ರಕ್ಕೆ ಎಲ್ಲ ಏರ್‌ಲೈನ್‌ಗಳೂ ರಿಯಾಯಿತಿ ಕೊಡುವುದಿಲ್ಲ, ಆದರೆ ವಿದ್ಯಾರ್ಥಿ ದರ ಮಾರುವ ಏಜೆನ್ಸಿಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ನಮ್ಮ ವಯಸ್ಸಿನವರು ಇನ್ನೂ ಎಸ್‌ಟಿಎ ಟ್ರಾವೆಲ್ ಎಂಬ ಹಳೆಯ ವಿದ್ಯಾರ್ಥಿ ಪ್ರಯಾಣ ಏಜೆನ್ಸಿಯ ಹೆಸರು ನೆನಪಿಟ್ಟುಕೊಂಡು ಹುಡುಕುತ್ತಾರೆ. ಅದು 2020ರಲ್ಲೇ ಬಾಗಿಲು ಹಾಕಿತು.

ಒಂದು ಮಾತು. ವಿದ್ಯಾರ್ಥಿ ದರ ಯಾವಾಗಲೂ ಅಗ್ಗ ಅಂತಲ್ಲ. ಎಷ್ಟೋ ಸಲ ಮಾಮೂಲಿ ದರವೇ ಕಡಿಮೆ ಇರುತ್ತದೆ. ವಿದ್ಯಾರ್ಥಿ ದರದ ನಿಜವಾದ ಬೆಲೆ ಇರುವುದು ಹೆಚ್ಚುವರಿ ಲಗೇಜಿನಲ್ಲಿ, ದಿನಾಂಕ ಬದಲಿಸುವ ಅವಕಾಶದಲ್ಲಿ.

ಇನ್ನೂ ಕಾಲೇಜಿಗೆ ಸೇರಿಲ್ಲ, ಐಡಿ ಕಾರ್ಡ್ ಇಲ್ಲ. ಏನು ತೋರಿಸಲಿ?

ಪ್ರವೇಶ ಪತ್ರ. ವೀಸಾ ಬಂದಿದ್ದರೆ ಅದನ್ನೂ. ಬುಕ್ ಮಾಡುವಾಗ ಯಾರೂ ಕೇಳದೆ, ಚೆಕ್ ಇನ್ ಕೌಂಟರಿನಲ್ಲಿ ಕೇಳುವುದುಂಟು. ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಒಂದು ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಡಿ. ಪಾರ್ಟ್ ಟೈಮ್ ಮತ್ತು ಆನ್‌ಲೈನ್ ಕೋರ್ಸಿನವರಿಗೆ ಹೆಚ್ಚಿನ ಯೋಜನೆಗಳು ಅನ್ವಯಿಸುವುದಿಲ್ಲ.

ವೀಸಾ ಬರೋ ಮೊದಲೇ ಟಿಕೆಟ್ ತೆಗೆದರೆ ಅಗ್ಗ ಅಂತಾರೆ. ತೆಗೆದುಬಿಡಲಾ?

ನಾನಾದರೆ ತೆಗೆಯುವುದಿಲ್ಲ. ಕಳೆದುಕೊಂಡ ಎರಡು ಟಿಕೆಟ್‌ಗಳಲ್ಲಿ ಮೊದಲನೆಯದು ಹೀಗೇ ಹೋದದ್ದು. ವೀಸಾ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದು, ವಿಮಾನ ಹಾರಿದ ನಾಲ್ಕು ದಿನಕ್ಕೆ ಪಾಸ್‌ಪೋರ್ಟ್ ಮನೆಗೆ ಬಂತು. ಲಕೋಟೆ ಒಡೆಯುವಾಗ ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ. ವೀಸಾ ಕೈಯಲ್ಲಿದ್ದರೂ ಬೇಕೆಂದಾಗ ಆ ದೇಶದೊಳಗೆ ಕಾಲಿಡುವಂತಿಲ್ಲ. ಅಮೆರಿಕದ ಎಫ್-1 ವೀಸಾದಲ್ಲಿ ಹೊಸ ವಿದ್ಯಾರ್ಥಿ ಕೋರ್ಸ್ ಶುರುವಾಗುವ ದಿನಕ್ಕಿಂತ 30 ದಿನ ಮೊದಲಷ್ಟೇ ಪ್ರವೇಶಿಸಬಹುದು. ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಉದ್ದದ ಕೋರ್ಸಾದರೆ ಒಂದು ತಿಂಗಳು ಮೊದಲು, ಅದಕ್ಕಿಂತ ಚಿಕ್ಕದಾದರೆ ಒಂದೇ ವಾರ ಮೊದಲು. ಸೆಪ್ಟೆಂಬರಿನಲ್ಲಿ ಶುರುವಾಗುವ ಕೋರ್ಸಿಗೆ, ಆಗಸ್ಟ್ ದರ ಜಾಸ್ತಿ, ಜುಲೈ ಕಡಿಮೆ ಅಂತ ಜುಲೈ ಟಿಕೆಟ್ ತೆಗೆದರೆ ಗಡಿಯಲ್ಲೇ ಸಿಕ್ಕಿಕೊಳ್ಳುತ್ತೀರಿ.

ವೀಸಾ ಅರ್ಜಿಗೆ ಪ್ರಯಾಣದ ವಿವರ ಕೇಳಿದರೆ, ದುಡ್ಡು ಕಟ್ಟಿದ ಟಿಕೆಟ್ಟೇ ಬೇಕೋ ಅಥವಾ ಕಾಯ್ದಿರಿಸಿದ ಚೀಟಿ ಸಾಕೋ ಎಂದು ಓದಿ ನೋಡಿ. ಕೆಲವು ಏರ್‌ಲೈನ್‌ಗಳು ಸಣ್ಣ ಶುಲ್ಕಕ್ಕೆ ದರವನ್ನು ಒಂದೆರಡು ದಿನ ಹಿಡಿದಿಡುತ್ತವೆ. ಸುಳ್ಳು ಟಿಕೆಟ್ ತಯಾರಿಸಿ ಕೊಡುವವರ ಕಡೆ ಮಾತ್ರ ತಲೆ ಹಾಕಬೇಡಿ. ಓದೋಕೆ ಅಂತ ಹೊರಟವರು ಸುಳ್ಳು ಕಾಗದ ಕೊಟ್ಟ ದಾಖಲೆ ಹೊತ್ತುಕೊಂಡು ತಿರುಗುವುದು ಬೇಕಾ?

ಒನ್ ವೇ ತೆಗೀಲಾ, ರಿಟರ್ನ್ ತೆಗೀಲಾ?

ಎರಡರ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೂರದ ಮಾರ್ಗಗಳಲ್ಲಿ ದೊಡ್ಡ ಏರ್‌ಲೈನ್‌ಗಳು ಒನ್ ವೇಗೆ ರಿಟರ್ನಿನ ಅರ್ಧಕ್ಕಿಂತ ತುಂಬಾ ಜಾಸ್ತಿ ಹಾಕುವುದು ಹಳೆಯ ಚಾಳಿ. ಕೆಲವೊಮ್ಮೆ ಒನ್ ವೇಯೇ ರಿಟರ್ನಿಗಿಂತ ದುಬಾರಿ. ಕಡಿಮೆ ದರದ ಏರ್‌ಲೈನ್‌ಗಳಲ್ಲಿ ಹಾಗಿಲ್ಲ, ಒಂದೊಂದು ಕಡೆಗೂ ಬೇರೆ ಲೆಕ್ಕ. ವಿದ್ಯಾರ್ಥಿ ಒನ್ ವೇ ದರ ನಿಮ್ಮ ವಯಸ್ಸಿಗೂ ಸಿಕ್ಕರೆ ಅದು ನಿಜವಾಗಿ ಒಳ್ಳೆಯ ಬೇಟೆ.

ರಿಟರ್ನ್ ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲವೇನೋ ಎಂಬ ಭಯ ಹಲವರಿಗೆ. ದೀರ್ಘಾವಧಿ ವಿದ್ಯಾರ್ಥಿ ವೀಸಾ ಇದ್ದವರಿಗೆ ಸಾಮಾನ್ಯವಾಗಿ ಅದನ್ನು ಕೇಳುವುದಿಲ್ಲ. ಕೌಂಟರಿನವರು ಟಿಮ್ಯಾಟಿಕ್ ಎಂಬ ದಾಖಲೆಯಲ್ಲಿ ಆಯಾ ದೇಶದ ನಿಯಮ ನೋಡಿ ನಿರ್ಧರಿಸುತ್ತಾರೆ.

## ಫ್ಲೆಕ್ಸಿಬಲ್ ಅಂದರೆ ಏನು

ಫ್ಲೆಕ್ಸಿಬಲ್ ಅಂತ ಬರೆದಿದ್ದರೆ ಏನು ಬೇಕಾದರೂ ಬದಲಿಸಬಹುದಾ?

ಇಲ್ಲ. ಆ ಒಂದು ಪದದೊಳಗೆ ಎರಡು ಬೇರೆ ಸಂಗತಿಗಳಿವೆ. ದಿನಾಂಕ ಬದಲಿಸಬಹುದು ಎಂಬುದು ಒಂದು, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಎಂಬುದು ಇನ್ನೊಂದು. ಹೆಚ್ಚಿನ ಮಧ್ಯಮ ದರದ ಟಿಕೆಟ್‌ಗಳಲ್ಲಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಹೆಸರನ್ನಂತೂ ಹೆಚ್ಚಿನ ಏರ್‌ಲೈನ್‌ಗಳಲ್ಲಿ ಬದಲಿಸಲಾಗದು, ಟಿಕೆಟ್ ತಮ್ಮನಿಗೆ ಕೊಡುತ್ತೇನೆ ಅಂದರೆ ನಡೆಯುವುದಿಲ್ಲ.

ಬದಲಾವಣೆ ಉಚಿತ ಅಂದಿದ್ರು. ಈಗ ದುಡ್ಡು ಕೇಳ್ತಿದ್ದಾರೆ. ಮೋಸ ಅಲ್ವಾ?

ಮೋಸ ಅಲ್ಲ, ಆದರೆ ಮೊದಲೇ ಬಿಡಿಸಿ ಹೇಳಬಹುದಿತ್ತು. ಉಚಿತ ಅಂದಿದ್ದು ಬದಲಾವಣೆ ಶುಲ್ಕಕ್ಕೆ. ಹೊಸ ದಿನದ ದರ ಹೆಚ್ಚಿದ್ದರೆ ಆ ವ್ಯತ್ಯಾಸ ನೀವೇ ಕಟ್ಟಬೇಕು.

ಒಂದೇ ವಿಮಾನದ ಎಕಾನಮಿ ಸೀಟುಗಳು ಒಂದೇ ದರಕ್ಕೆ ಮಾರಾಟವಾಗುವುದಿಲ್ಲ. ಒಂದೊಂದು ದರಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರದ ಗುಂಪಿರುತ್ತದೆ. ಸಾಮಾನ್ಯವಾಗಿ ವೈ ಅಂದರೆ ಪೂರ್ಣ ದರದ ಎಕಾನಮಿ, ಅದರ ಕೆಳಗೆ ಅಗ್ಗದ ಅಕ್ಷರಗಳ ಸಾಲು. ನೀವು ಕೊಂಡದ್ದು ಕೆಳಗಿನ ಗುಂಪಿನ ಸೀಟು ಅಂದುಕೊಳ್ಳಿ. ಹೊಸ ದಿನದಲ್ಲಿ ಆ ಗುಂಪು ಖಾಲಿಯಾಗಿದ್ದರೆ ಮೇಲಿನ ಗುಂಪಿಗೆ ಹತ್ತಬೇಕು. ಹತ್ತಿದಷ್ಟೂ ದುಡ್ಡು.

ಇದಕ್ಕೆ ಉಪಾಯ ಒಂದೇ. ಬದಲಿಸಬೇಕು ಅನ್ನಿಸಿದ ದಿನವೇ ಬದಲಿಸಿ. ನೋಡೋಣ ನೋಡೋಣ ಅಂತ ಹೊರಡುವ ಹಿಂದಿನ ವಾರದವರೆಗೆ ಎಳೆದರೆ ಉಳಿದಿರುವುದು ದುಬಾರಿ ಗುಂಪುಗಳು ಮಾತ್ರ.

ಹಾಗಾದ್ರೆ ಜಾಸ್ತಿ ಕೊಟ್ಟು ಫ್ಲೆಕ್ಸಿ ದರ ತಗೊಳ್ಳೋದು ಲಾಭನಾ? ನೇರವಾಗಿ ಹೇಳಿ.

ನೇರವಾಗಿ ಹೇಳಬೇಕೆಂದರೆ ಲೆಕ್ಕ ಹಾಕಬೇಕು. ಅಗ್ಗದ ಟಿಕೆಟ್ 100 ಅಂದುಕೊಳ್ಳಿ, ಅದನ್ನು ಬದಲಿಸಲು ಶುಲ್ಕ 25. ಫ್ಲೆಕ್ಸಿ 120, ಬದಲಾವಣೆ ಶುಲ್ಕ ಇಲ್ಲ. ದರದ ವ್ಯತ್ಯಾಸ ಎರಡಕ್ಕೂ ಇದ್ದದ್ದೇ, ಅದನ್ನು ಬಿಡಿ. ಬದಲಿಸದಿದ್ದರೆ ಫ್ಲೆಕ್ಸಿ ಕೊಂಡವರಿಗೆ 20 ನಷ್ಟ. ಬದಲಿಸಿದರೆ ಬರೀ 5 ಲಾಭ. ಅಂದರೆ ಐದರಲ್ಲಿ ನಾಲ್ಕು ಪಾಲು ಬದಲಿಸುವುದು ಖಚಿತ ಅನ್ನಿಸಿದರೆ ಮಾತ್ರ ಫ್ಲೆಕ್ಸಿ ಸರಿ. ಅಷ್ಟು ಖಚಿತವಿದ್ದರೆ ಆ ದಿನಾಂಕಕ್ಕೆ ಯಾಕೆ ಬುಕ್ ಮಾಡುತ್ತೀರಿ?

ಈಗ ಇನ್ನೊಂದು ಬಗೆ. ಅಗ್ಗದ 100ರ ಟಿಕೆಟ್ ಬದಲಿಸಲೇ ಆಗದು, ಹೋದರೆ ಹೋಯಿತು. ಹೊಸ ದಿನಕ್ಕೆ ಹೊಸ ಟಿಕೆಟ್ 140. ಒಟ್ಟು 240 ಕೈಬಿಟ್ಟಿತು. ಫ್ಲೆಕ್ಸಿ ಇದ್ದಿದ್ದರೆ 120, ಮೇಲೆ ವ್ಯತ್ಯಾಸ 40, ಒಟ್ಟು 160. ಬದಲಿಸದಿದ್ದರೆ 20 ನಷ್ಟ, ಬದಲಿಸಿದರೆ 80 ಉಳಿತಾಯ. ಇಲ್ಲಿ ಐದರಲ್ಲಿ ಒಂದು ಪಾಲು ಅನುಮಾನವಿದ್ದರೂ ಫ್ಲೆಕ್ಸಿಯೇ ಸರಿ.

ಹಾಗಾಗಿ ನಾನು ಮೊದಲು ನೋಡುವುದು ಫ್ಲೆಕ್ಸಿ ದರವನ್ನಲ್ಲ, ಅದರ ಕೆಳಗಿನ ಮೆಟ್ಟಿಲನ್ನು. ಅತಿ ಅಗ್ಗದ ಲೈಟ್ ಅಥವಾ ಬೇಸಿಕ್ ದರಕ್ಕೂ ದುಬಾರಿ ಫ್ಲೆಕ್ಸಿಗೂ ನಡುವೆ ಒಂದು ದರ ಇರುತ್ತದೆ. ಶುಲ್ಕ ಕಟ್ಟಿದರೆ ಬದಲಿಸಬಹುದು ಅನ್ನುವಂಥದ್ದು. ನಮ್ಮಂಥವರಿಗೆ ಬಹಳಷ್ಟು ಸಲ ಅದೇ ಸಾಕು.

ಅಪ್ಪನಿಗೆ ಹುಷಾರಿಲ್ಲ. ಯಾವತ್ತು ಬೇಕಾದರೂ ಮನೆಗೆ ಓಡಿ ಬರಬೇಕಾಗಬಹುದು. ಅದಕ್ಕೆ ಯಾವ ಟಿಕೆಟ್?

ಇಪ್ಪತ್ತರ ಹುಡುಗರು ಈ ಪ್ರಶ್ನೆ ಕೇಳುವುದು ಕಡಿಮೆ. ನಮ್ಮ ವಯಸ್ಸಿನವರು ಬಹುತೇಕ ಎಲ್ಲರೂ ಕೇಳುತ್ತಾರೆ.

ಇಂಥ ಪ್ರಯಾಣಕ್ಕೆ ಮೊದಲೇ ಟಿಕೆಟ್ ಕೊಂಡಿಡುವುದರಲ್ಲಿ ಅರ್ಥವಿಲ್ಲ. ಯಾವ ದಿನಾಂಕಕ್ಕೆ ಅಂತ ಕೊಳ್ಳುತ್ತೀರಿ? ನಾನು ಮಾಡಿದ್ದು ಇಷ್ಟು. ಓದುವ ಊರಿಗೆ ಒನ್ ವೇ ಹೋದೆ. ರಜೆಗೆ ಮನೆಗೆ ಬರುವಾಗ ಅಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿಯುವ ರಿಟರ್ನ್ ತೆಗೆದೆ. ಬರುವ ದಿನ ಗಟ್ಟಿ, ವಾಪಸ್ ಹೋಗುವ ದಿನ ಬದಲಿಸಬಹುದಾದದ್ದು. ಯಾಕೆಂದರೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದಾಗ ಅನಿಶ್ಚಿತವಾಗುವುದು ಬರುವ ದಿನ ಅಲ್ಲ, ಹೊರಡುವ ದಿನ. ಅಪ್ಪ ಆಸ್ಪತ್ರೆಯಿಂದ ಮನೆಗೆ ಬರುವವರೆಗೆ ಯಾರು ಹೊರಡುತ್ತಾರೆ?

ಏರ್‌ಲೈನ್ ಪಾಯಿಂಟ್ ಅಥವಾ ಮೈಲ್ಸ್ ಇದ್ದರೆ ಅದನ್ನು ಇದಕ್ಕೇ ಮೀಸಲಿಡಿ. ಹಲವು ಯೋಜನೆಗಳಲ್ಲಿ ಪಾಯಿಂಟ್ ಕೊಟ್ಟು ಪಡೆದ ಟಿಕೆಟ್ಟನ್ನು ಸಣ್ಣ ಶುಲ್ಕಕ್ಕೆ, ಕೆಲವೆಡೆ ಶುಲ್ಕವೇ ಇಲ್ಲದೆ ರದ್ದು ಮಾಡಿ ಪಾಯಿಂಟ್ ವಾಪಸ್ ಪಡೆಯಬಹುದು. ದುಡ್ಡು ಕೊಟ್ಟ ಅಗ್ಗದ ಟಿಕೆಟ್ಟಿಗೆ ಆ ಸ್ವಾತಂತ್ರ್ಯ ಇಲ್ಲ.

ಕಾಯಿಲೆ, ಸಾವಿನ ಕಾರಣಕ್ಕೆ ಶುಲ್ಕ ಬಿಡುವ ಏರ್‌ಲೈನ್‌ಗಳೂ ಇವೆ. ಆಸ್ಪತ್ರೆ ಪತ್ರ ಅಥವಾ ಮರಣ ಪ್ರಮಾಣಪತ್ರ ಕೇಳುತ್ತಾರೆ. ಆ ಹೊತ್ತಿನಲ್ಲಿ ಫೋನ್ ಹಿಡಿದು ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ, ಮನೆಯ ಇನ್ನೊಬ್ಬರಿಗೆ ಟಿಕೆಟ್ ವಿವರ ಕೊಟ್ಟಿಡಿ.

ಹೆಂಡತಿ ಮಕ್ಕಳೂ ಬರ್ತಾರೆ. ಅವರಿಗೂ ಸ್ಟೂಡೆಂಟ್ ದರ ಕೊಡ್ತಾರಾ?

ಸಾಮಾನ್ಯವಾಗಿ ಇಲ್ಲ. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂತರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದೊಡ್ಡವರ ದರದ ಸುಮಾರು ಶೇಕಡ 10 ಇರುತ್ತದೆ. ಎರಡರಿಂದ ಹನ್ನೊಂದರವರೆಗಿನ ಮಕ್ಕಳಿಗೆ ದೊಡ್ಡ ಏರ್‌ಲೈನ್‌ಗಳಲ್ಲಿ ಸ್ವಲ್ಪ ರಿಯಾಯಿತಿ ಸಿಗಬಹುದು. ಕಡಿಮೆ ದರದವರಲ್ಲಿ ಅದೂ ಇರುವುದಿಲ್ಲ.

ನಿಮ್ಮದು ವಿದ್ಯಾರ್ಥಿ ಟಿಕೆಟ್, ಅವರದು ಮಾಮೂಲಿ ಅಂದಾಗ ಬುಕಿಂಗ್ ಎರಡಾಗುತ್ತದೆ. ಏರ್‌ಲೈನಿಗೆ ಫೋನ್ ಮಾಡಿ ಎರಡೂ ಪಿಎನ್‌ಆರ್ ಜೋಡಿಸಲು ಹೇಳಿ. ಇಲ್ಲದಿದ್ದರೆ ವಿಮಾನ ರದ್ದಾದ ದಿನ ನಿಮ್ಮನ್ನು ಒಂದು ವಿಮಾನಕ್ಕೆ, ಮಕ್ಕಳನ್ನು ಇನ್ನೊಂದಕ್ಕೆ ಹಾಕುವ ಸಾಧ್ಯತೆ ಇರುತ್ತದೆ.

ಲಗೇಜ್ ಲೆಕ್ಕ ಹೇಗೆ?

ಟಿಕೆಟ್ ದರ ಹೋಲಿಸುವಾಗ ಲಗೇಜನ್ನೂ ಸೇರಿಸಿಯೇ ಹೋಲಿಸಿ. ಅಗ್ಗದ ದರಕ್ಕೆ ಒಂದು ಸೂಟ್‌ಕೇಸ್ ಸೇರಿಸಿದ ಕೂಡಲೇ ಅದು ಅಗ್ಗವಾಗಿ ಉಳಿಯುವುದಿಲ್ಲ. ಎಕಾನಮಿಯಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಾಮೂಲಿ. ದುಡ್ಡು ಕಟ್ಟಿದರೂ ಒಂದೇ ಪೆಟ್ಟಿಗೆಯಲ್ಲಿ 32 ಕಿಲೋ ಮೀರಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಎತ್ತುವ ಕೆಲಸಗಾರರ ಸೊಂಟ ಉಳಿಯಬೇಕಲ್ಲ. ಹೆಚ್ಚುವರಿ ಪೆಟ್ಟಿಗೆಯನ್ನು ಆನ್‌ಲೈನಿನಲ್ಲಿ ಮೊದಲೇ ಕೊಂಡರೆ ಕೌಂಟರಿಗಿಂತ ಕಡಿಮೆ ಬೀಳುತ್ತದೆ.

ಏಜೆಂಟ್ ಹತ್ತಿರ ತಗೊಳ್ಳೋದಾ, ಏರ್‌ಲೈನಿನಲ್ಲೇ ತಗೊಳ್ಳೋದಾ?

ದಿನಾಂಕ ಬದಲಾಗುವ ಸಾಧ್ಯತೆ ಇದ್ದರೆ ಏರ್‌ಲೈನಿನಲ್ಲೇ. ಸ್ವಲ್ಪ ಜಾಸ್ತಿಯಾದರೂ ಸರಿ. ಮಧ್ಯದವರ ಬಳಿ ಕೊಂಡರೆ ಏರ್‌ಲೈನಿನವರು ಅವರನ್ನೇ ಕೇಳಿ ಅನ್ನುತ್ತಾರೆ, ಅವರು ಏರ್‌ಲೈನಿನ ಶುಲ್ಕದ ಮೇಲೆ ತಮ್ಮದೂ ಒಂದು ಶುಲ್ಕ ಹಾಕುತ್ತಾರೆ. ನಿಮ್ಮ ವಯಸ್ಸಿಗೆ ವಿದ್ಯಾರ್ಥಿ ದರ ಸಿಗುವುದು ಏಜೆನ್ಸಿಯಲ್ಲಿ ಮಾತ್ರ ಅಂತಾದರೆ, ಅವರ ಬದಲಾವಣೆ ಶುಲ್ಕ ಎಷ್ಟು ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಕೊಂಡ ಕೂಡಲೇ ಒಂದು ಪರೀಕ್ಷೆ ಮಾಡಿ. ಆರು ಅಕ್ಷರದ ಪಿಎನ್‌ಆರ್ ಬಂದಮಾತ್ರಕ್ಕೆ ಟಿಕೆಟ್ ಆಯಿತು ಅಂತಲ್ಲ, ಅದು ಸೀಟು ಕಾಯ್ದಿರಿಸಿದ ಗುರುತು ಅಷ್ಟೇ. 13 ಅಂಕಿಯ ಇ-ಟಿಕೆಟ್ ಸಂಖ್ಯೆ ಬರಬೇಕು. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಏರ್‌ಲೈನಿನ ಗುರುತು. ನನಗೊಮ್ಮೆ ಒಂದು ಬುಕಿಂಗ್ ತಾಣ ‘ಖಚಿತವಾಗಿದೆ’ ಅಂತ ಮೇಲ್ ಕಳಿಸಿತು. ನಾಲ್ಕು ದಿನವಾದರೂ ಈ ಸಂಖ್ಯೆ ಇಲ್ಲ. ಏರ್‌ಲೈನಿಗೆ ಫೋನ್ ಮಾಡಿದರೆ, ‘ದುಡ್ಡು ಬಂದಿಲ್ಲ ಮೇಡಂ, ಬುಕಿಂಗ್ ಬಿದ್ದುಹೋಗಿದೆ’ ಅಂದರು. ಆ ಹೊತ್ತಿಗೆ ಹಳೆಯ ದರವೂ ಹೋಗಿತ್ತು.

ಬುಕ್ ಮಾಡಿದ ಅರ್ಧ ಗಂಟೆಗೆ ತಪ್ಪು ದಿನಾಂಕ ಅಂತ ಗೊತ್ತಾಯ್ತು!

ಗಾಬರಿ ಬೇಡ, ಆದರೆ ತಡ ಮಾಡಬೇಡಿ. ಅಮೆರಿಕಕ್ಕೆ ಹೋಗಿ ಬರುವ ವಿಮಾನಗಳ ಟಿಕೆಟ್ಟನ್ನು ಏರ್‌ಲೈನಿನಲ್ಲೇ, ಪ್ರಯಾಣಕ್ಕೆ ಏಳು ದಿನ ಅಥವಾ ಹೆಚ್ಚು ಇರುವಾಗ ಕೊಂಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು, ಇಲ್ಲವೇ ದುಡ್ಡು ಕಟ್ಟದೆ 24 ಗಂಟೆ ಅದೇ ದರ ಹಿಡಿದಿಡಲು ಬಿಟ್ಟಿರಬೇಕು. ಬೇರೆ ಮಾರ್ಗಗಳಲ್ಲೂ ಹಲವು ಏರ್‌ಲೈನ್‌ಗಳು ತಾವಾಗಿ ಈ ಸೌಲಭ್ಯ ಕೊಡುತ್ತವೆ.

## ಸ್ವಲ್ಪ ಒಳಗಿನ ವಿಷಯಗಳು

ಫೇರ್ ರೂಲ್ಸ್ ಅಂತ ಉದ್ದದ ಪುಟ ಬರುತ್ತೆ. ಓದೋಕೇ ಆಗಲ್ಲ. ಏನು ನೋಡಬೇಕು?

ಪೂರ್ತಿ ಓದಬೇಡಿ. ಈ ನಿಯಮಗಳು ಸಂಖ್ಯೆ ಹಾಕಿದ ವಿಭಾಗಗಳಲ್ಲಿ ಇರುತ್ತವೆ. 16ನೇ ವಿಭಾಗ ದಂಡದ್ದು, ಅಂದರೆ ಬದಲಾವಣೆ ಮತ್ತು ರದ್ದತಿ. 7ನೆಯದು ಗರಿಷ್ಠ ಎಷ್ಟು ದಿನ ಉಳಿಯಬಹುದು ಎಂಬುದು, 6ನೆಯದು ಕನಿಷ್ಠ. 1ನೆಯದು ಈ ದರಕ್ಕೆ ಯಾರು ಅರ್ಹರು ಎಂಬುದು, ನಿಮ್ಮ ವಯಸ್ಸಿನ ಗೆರೆ ಅಡಗಿ ಕೂತಿರುವುದು ಅಲ್ಲೇ.

16ನೇ ವಿಭಾಗದಲ್ಲಿ ಪ್ರಯಾಣ ಶುರುವಾಗುವ ಮೊದಲು, ಶುರುವಾದ ಮೇಲೆ ಎಂದು ಎರಡು ಭಾಗ ಇರುತ್ತದೆ. ಎರಡರ ದಂಡವೂ ಬೇರೆ ಬೇರೆ. ಹೋಗುವ ದಿನ ಖಚಿತ, ಬರುವ ದಿನ ಮಾತ್ರ ಅನುಮಾನ ಅನ್ನುವವರು ಎರಡನೇ ಭಾಗ ನೋಡಿದರೆ ಸಾಕು. ಕಾಯ್ದಿರಿಸಿದ ವಿಮಾನಕ್ಕೆ ಹೇಳದೆ ಹೋಗದಿದ್ದರೆ ಬೀಳುವ ದಂಡ ಇನ್ನೂ ಬೇರೆ, ಮತ್ತು ಜೋರು. ಐಟಿಎ ಮ್ಯಾಟ್ರಿಕ್ಸ್ ಎಂಬ ಹುಡುಕು ತಾಣದಲ್ಲಿ ಟಿಕೆಟ್ ಕೊಳ್ಳಲಾಗದು, ಆದರೆ ಈ ನಿಯಮಗಳನ್ನು ಕೊಳ್ಳುವ ಮೊದಲೇ ಓದಬಹುದು.

ನನ್ನ ಕೋರ್ಸ್ 14 ತಿಂಗಳು. ರಿಟರ್ನ್ ದಿನಾಂಕವೇ ಸಿಗ್ತಿಲ್ಲ.

ಸಿಗುವುದಿಲ್ಲ. ಏರ್‌ಲೈನ್‌ಗಳು ಸುಮಾರು 11 ತಿಂಗಳ ಮುಂದಿನವರೆಗೆ ಮಾತ್ರ ಸೀಟು ಮಾರುತ್ತವೆ. ಟಿಕೆಟ್ಟಿನ ಆಯುಷ್ಯವೂ ಸಾಮಾನ್ಯವಾಗಿ ಮೊದಲ ಪ್ರಯಾಣದಿಂದ ಒಂದು ವರ್ಷ, ಅಗ್ಗದ ದರಗಳಲ್ಲಿ ಇನ್ನೂ ಕಡಿಮೆ. ಹತ್ತನೇ ತಿಂಗಳಿಗೆ ಬುಕ್ ಮಾಡಿ ಆಮೇಲೆ ಹದಿನಾಲ್ಕಕ್ಕೆ ತಳ್ಳುತ್ತೇನೆ ಅನ್ನುವ ಉಪಾಯ ನಡೆಯುವುದಿಲ್ಲ. ಒನ್ ವೇ ಹೋಗಿ, ಅಥವಾ ನಡುವಿನ ರಜೆಗೆ ರಿಟರ್ನ್ ತೆಗೆದುಕೊಳ್ಳಿ.

ಹೋಗೋ ಟಿಕೆಟ್ ಬಿಟ್ಟು ಬರೋದನ್ನ ಮಾತ್ರ ಬಳಸಬಹುದಾ?

ಬೇಡ. ಮೊದಲ ವಿಮಾನ ತಪ್ಪಿಸಿದರೆ ಉಳಿದದ್ದೆಲ್ಲ ತಾನಾಗಿ ರದ್ದಾಗುತ್ತದೆ. ಕೊನೆಯ ಭಾಗವನ್ನು ಬಿಟ್ಟರೆ ಹಾಗಾಗದು, ಆದರೆ ಅದೂ ಏರ್‌ಲೈನಿನ ನಿಯಮಕ್ಕೆ ವಿರುದ್ಧವಾಗಿರುತ್ತದೆ, ಮತ್ತು ನಿಮ್ಮ ಪೆಟ್ಟಿಗೆ ಕೊನೆಯ ಊರಿಗೇ ಹೋಗಿ ಕೂರುತ್ತದೆ.

ಎರಡು ಬೇರೆ ಟಿಕೆಟ್ ಜೋಡಿಸಿದರೆ ತುಂಬಾ ಅಗ್ಗ ಆಗ್ತಿದೆ. ಪರವಾಗಿಲ್ವಾ?

ಕೈಚೀಲ ಮಾತ್ರ ಇದ್ದು, ಅರ್ಜೆಂಟ್ ಇಲ್ಲದವರಿಗೆ ಪರವಾಗಿಲ್ಲ. ಎರಡು ದೊಡ್ಡ ಪೆಟ್ಟಿಗೆ ಹೊತ್ತು ಕ್ಲಾಸ್ ಶುರುವಾಗುವ ಹಿಂದಿನ ದಿನ ಇಳಿಯುವವರಿಗೆ ಖಂಡಿತ ಬೇಡ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಏರ್‌ಲೈನಿಗೆ ನಿಮ್ಮ ಹಂಗಿಲ್ಲ. ಲಗೇಜ್ ತೆಗೆದುಕೊಂಡು ಹೊರಗೆ ಬಂದು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು. ಹೊರಗೆ ಬರಬೇಕೆಂದರೆ ಆ ದೇಶದ ವೀಸಾ ಬೇಕಾಗಬಹುದು. ಕಳೆದುಕೊಂಡ ನನ್ನ ಎರಡನೇ ಟಿಕೆಟ್ ಇದೇ.

ಏರ್‌ಲೈನಿನವರೇ ಸಮಯ ಬದಲಿಸಿ ಮೇಲ್ ಹಾಕಿದ್ದಾರೆ. ಒಪ್ಪಿಗೆ ಬಟನ್ ಒತ್ತಲಾ?

ಒತ್ತಬೇಡಿ, ಮೊದಲು ಯೋಚಿಸಿ. ಅಗ್ಗದ ಟಿಕೆಟ್ಟಿಗೆ ಪುಕ್ಕಟೆ ಫ್ಲೆಕ್ಸಿ ಸಿಗುವ ಗಳಿಗೆ ಇದು. ಅವರು ಬದಲಿಸಿದ್ದು ದೊಡ್ಡ ಬದಲಾವಣೆಯಾದರೆ, ನಿಮಗೆ ಬೇಕಾದ ಬೇರೆ ದಿನಕ್ಕೆ ಶುಲ್ಕವಿಲ್ಲದೆ ಹಾಕಿಕೊಡಿ ಅಂತ ಕೇಳಬಹುದು. ಎಷ್ಟೋ ಸಲ ಕೊಡುತ್ತಾರೆ. ಅಮೆರಿಕದ 2024ರ ನಿಯಮದ ಪ್ರಕಾರ ಅಲ್ಲಿಗೆ ಹೋಗುವ, ಅಲ್ಲಿಂದ ಬರುವ ಅಂತರರಾಷ್ಟ್ರೀಯ ಪ್ರಯಾಣ ಆರು ಗಂಟೆ ಅಥವಾ ಹೆಚ್ಚು ಆಚೀಚೆಯಾದರೆ, ಬದಲಿ ವಿಮಾನ ಬೇಡ ಅನ್ನುವವರಿಗೆ ದುಡ್ಡು ವಾಪಸ್ ಕೊಡಬೇಕು. ರಿಫಂಡ್ ಇಲ್ಲದ ಟಿಕೆಟ್ಟಾದರೂ ಸರಿ. ಒಪ್ಪಿಗೆ ಒತ್ತಿದಿರೋ, ಕೇಳುವ ಹಕ್ಕು ಹೋಯಿತು.

ಕ್ಯಾನ್ಸಲ್ ವಿಮೆ ಮಾಡಿಸಿದರೆ ಫ್ಲೆಕ್ಸಿ ಬೇಡ ಅಲ್ವಾ?

ವಿಮೆ ಪಟ್ಟಿಯಲ್ಲಿರುವ ಕಾರಣಗಳಿಗೆ ಮಾತ್ರ ದುಡ್ಡು ಕೊಡುತ್ತದೆ. ಕಾಯಿಲೆ, ಸಾವು ಸಾಮಾನ್ಯವಾಗಿ ಇರುತ್ತವೆ. ಪರೀಕ್ಷೆ ದಿನಾಂಕ ಮುಂದೆ ಹೋಯಿತು, ವೀಸಾ ತಡವಾಯಿತು ಅನ್ನುವುದು ಬಹಳಷ್ಟು ಪಾಲಿಸಿಗಳಲ್ಲಿ ಇರುವುದಿಲ್ಲ. ಅಪ್ಪ ಅಮ್ಮನಿಗೆ ಮೊದಲೇ ಇದ್ದ ಕಾಯಿಲೆಯನ್ನೂ ಹೊರಗಿಡುವುದುಂಟು, ಆ ಸಾಲು ಓದದೆ ಕೊಳ್ಳಬೇಡಿ.

ರಿಫಂಡ್ ಇಲ್ಲ ಅಂದ ಮೇಲೆ ಒಂದು ಪೈಸೆಯೂ ಬರಲ್ವಾ?

ಬರಬಹುದು. ಟಿಕೆಟ್ ದರದಲ್ಲಿ ವಿಮಾನ ನಿಲ್ದಾಣದ ಶುಲ್ಕ, ಸರ್ಕಾರದ ತೆರಿಗೆ ಸೇರಿರುತ್ತದೆ. ನೀವು ಪ್ರಯಾಣವನ್ನೇ ಮಾಡದಿದ್ದರೆ ಅವುಗಳಲ್ಲಿ ಕೆಲವು ವಾಪಸ್ ಬರುತ್ತವೆ, ಕೇಳಿದವರಿಗೆ ಮಾತ್ರ. ರಸೀತಿಯಲ್ಲಿ ವೈಕ್ಯೂ, ವೈಆರ್ ಎಂದು ಕಾಣುವ ಮೊತ್ತ ತೆರಿಗೆಯ ಹಾಗೆ ಕಂಡರೂ ಏರ್‌ಲೈನಿನದೇ ಸರ್‌ಚಾರ್ಜ್, ಅದು ಸಾಮಾನ್ಯವಾಗಿ ಬರುವುದಿಲ್ಲ. ವಿಮಾನ ಹೊರಡುವ ಮೊದಲೇ ರದ್ದು ಮಾಡಿ, ಆಮೇಲೆ ಅರ್ಜಿ ಹಾಕಿ. ವೀಸಾ ತಡವಾಗಿ ಹೋದ ನನ್ನ ಆ ಟಿಕೆಟ್ಟಿಗೆ ಹೀಗೆ ಅರ್ಜಿ ಹಾಕಬಹುದಿತ್ತು ಅಂತ ಗೊತ್ತಾದದ್ದು ಮೂರು ವರ್ಷದ ಮೇಲೆ.